ಬ್ಯಾಂಕಾಕ್‌ನಲ್ಲಿ ಅತ್ತೆ ಏನು ತಿನ್ನುತ್ತಾರೆ?

ಪ್ರಶ್ನೆ: ದಸರಾ ರಜೆಗೆ ಬ್ಯಾಂಕಾಕ್‌ಗೆ ಹೊರಟಿದ್ದೇವೆ. ನಾನು, ಯಜಮಾನರು, ಹತ್ತು ವರ್ಷದ ಮಗ, 67 ವರ್ಷದ ಅತ್ತೆ. ಐದು ದಿನ, ಬರೀ ಬ್ಯಾಂಕಾಕ್. ನಾನು ಸಸ್ಯಾಹಾರಿ. ಅತ್ತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ, ಜೊತೆಗೆ ಮಂಡಿನೋವು. ಯಜಮಾನರು, ಮಗ ಹೊರಗೆ ಹೋದಾಗ ಮೊಟ್ಟೆ, ಚಿಕನ್ ತಿನ್ನುತ್ತಾರೆ. ಮೂರು ಹೊತ್ತೂ ಇಂಡಿಯನ್ ಊಟ ಇರುವ ಪ್ಯಾಕೇಜ್ ತಗೊಳ್ಳಿ ಅಂತ ಏಜೆಂಟ್ ಹೇಳುತ್ತಾರೆ. ಅಷ್ಟು ದೂರ ಹೋಗಿ ಪನ್ನೀರ್ ಬಟರ್ ಮಸಾಲಾ ತಿನ್ನೋಕೆ ನನಗೆ ಇಷ್ಟವಿಲ್ಲ. ಅಲ್ಲಿನವರು ತಿನ್ನುವುದನ್ನು ತಿಂದು, ಅವರು ಓಡಾಡುವ ಹಾಗೆ ಓಡಾಡಿ ಬರಬೇಕು ಅಂತ ಆಸೆ. ನೆಂಟರು ಹೆದರಿಸುತ್ತಿದ್ದಾರೆ. "ಅಲ್ಲಿ ನೀರಿಗೂ ಮೀನು ಹಾಕ್ತಾರೆ, ಬೀದಿಯಲ್ಲಿ ತಿಂದರೆ ಹೊಟ್ಟೆ ಕೆಡುತ್ತೆ, ಟುಕ್‌ಟುಕ್‌ನವರು ಮೋಸ ಮಾಡ್ತಾರೆ, ಸುಮ್ನೆ ಕುಕ್ಕರ್ ತಗೊಂಡು ಹೋಗಿ" ಅಂತ. ಏನು ಮಾಡಲಿ?
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಸೇರಿಕೊಂಡಿವೆ. ಅತ್ತೆ ಉಪವಾಸ ಬೀಳುತ್ತಾರೆ ಅನ್ನುವುದು ಒಂದು. ಅತ್ತೆಗಾಗಿ ನಿಮ್ಮ ಆಸೆ ಬಿಡಬೇಕಾಗುತ್ತದೆ ಅನ್ನುವುದು ಇನ್ನೊಂದು. ಕರ್ನಾಟಕದಿಂದ ಬ್ಯಾಂಕಾಕ್‌ಗೆ ಗುಂಪು ಕರೆದುಕೊಂಡು ಹೋಗುವುದೇ ನನ್ನ ಕೆಲಸ. ಪ್ರತಿ ಗುಂಪಿನಲ್ಲೂ ನಿಮ್ಮ ಅತ್ತೆಯಂಥವರು ಒಬ್ಬರಾದರೂ ಇರುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರಿಗೆ ಅಲ್ಲಿನ ಊಟ ಹುಡುಕುವುದು ಬರೀ ಸಸ್ಯಾಹಾರಿಗಳಿಗಿಂತ ಸುಲಭ. ಕೇಳಲು ವಿಚಿತ್ರ ಅನಿಸುತ್ತದೆ, ಅಲ್ವಾ? ಯಾಕೆ ಅಂತ ಹೇಳುತ್ತೇನೆ. ಮೊದಲು ನೆಂಟರ ಮಾತಿನಲ್ಲಿ ನಿಜ ಎಷ್ಟು ನೋಡೋಣ.

ಮೀನಿನ ವಿಚಾರದಲ್ಲಿ ನೆಂಟರು ಹೇಳಿದ್ದು ಹೆಚ್ಚುಕಡಿಮೆ ಸರಿ. ನಾವು ಉಪ್ಪು ಹಾಕುವ ಕಡೆ ಅಲ್ಲಿ ನಾಮ್ ಪ್ಲಾ ಹಾಕುತ್ತಾರೆ. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ತೆಗೆದ ರಸ ಅದು. ಗ್ರೀನ್ ಕರಿಯ ಮಸಾಲೆ ರುಬ್ಬುವಾಗಲೇ ಕಾಪಿ ಅನ್ನುವ ಸಿಗಡಿ ಪೇಸ್ಟ್ ಸೇರುತ್ತದೆ. ಸೊಪ್ಪಿನ ಪಲ್ಯ ಅಂತ ಆಸೆಪಟ್ಟು ತರಿಸಿದರೆ ಅದರಲ್ಲಿ ಆಯಿಸ್ಟರ್ ಸಾಸ್, ಅಂದರೆ ಚಿಪ್ಪುಮೀನಿನ ರಸ. ಪ್ಯಾಡ್ ಥಾಯ್ ಅನ್ನುವ ನೂಡಲ್ಸ್‌ನಲ್ಲಿ ಮೊಟ್ಟೆ, ಒಣಸಿಗಡಿ, ನಾಮ್ ಪ್ಲಾ ಮೂರೂ ಇರುತ್ತವೆ. ಪರಂಗಿಕಾಯಿ ಕುಟ್ಟಿ ಮಾಡುವ ಸೋಮ್ ತಮ್‌ನಲ್ಲೂ ಅದೇ ಕಥೆ. ನೀವು ಸಿಗಡಿ ಬೇಡ ಅಂದರೂ ಏಡಿ, ಮೀನು ಕುಟ್ಟಿದ ಅದೇ ಒರಳಿನಲ್ಲಿ ನಿಮ್ಮದನ್ನೂ ಕುಟ್ಟುತ್ತಾರೆ. "ವೆಜ್" ಅಂದರೆ ಅಂಗಡಿಯಾಕೆ ತಲೆಯಾಡಿಸಿ ಮಾಂಸದ ತುಂಡುಗಳನ್ನಷ್ಟೇ ಬಿಡುತ್ತಾಳೆ. ಅದರಲ್ಲಿ ಮೋಸ ಏನಿಲ್ಲ. ನಾಮ್ ಪ್ಲಾ ಅವರ ಲೆಕ್ಕದಲ್ಲಿ ಮೀನಲ್ಲ, ಒಗ್ಗರಣೆ ಸಾಮಾನು.

ಬೌದ್ಧರ ದೇಶ ಅಂದಮೇಲೆ ಸಸ್ಯಾಹಾರ ಇರಬೇಕಲ್ಲ ಅಂತ ಬಹಳ ಜನ ಕೇಳುತ್ತಾರೆ. ಥಾಯ್ ಭಿಕ್ಷುಗಳು ಬೆಳಗ್ಗೆ ಪಾತ್ರೆ ಹಿಡಿದು ಬಂದಾಗ ಜನ ಏನು ಹಾಕುತ್ತಾರೋ ಅದನ್ನೇ ತಿನ್ನುತ್ತಾರೆ. ಮಾಂಸ ಹಾಕಿದರೆ ಮಾಂಸ. ಊರಿನಲ್ಲಿ ಮಾಂಸ ಬಿಡುವ ಪದ್ಧತಿ ಇರುವುದು ಮುಖ್ಯವಾಗಿ ಚೀನಾದಿಂದ ಬಂದವರ ಕಡೆಯಿಂದ. ನಿಮಗೆ ಬೇಕಾದ ದಾರಿಯೂ ಅದೇ.

ಆ ಊಟದ ಹೆಸರು ಜೇ. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ. ಬೆಳ್ಳುಳ್ಳಿ, ಈರುಳ್ಳಿ, ಈರುಳ್ಳಿ ಸೊಪ್ಪಿನಂಥ ಘಾಟಿನವೂ ಇಲ್ಲ. ನಾಮ್ ಪ್ಲಾ ಬದಲು ಸೋಯಾ ಸಾಸ್, ಆಯಿಸ್ಟರ್ ಸಾಸ್ ಬದಲು ಅಣಬೆಯ ಸಾಸ್. ಅತ್ತೆಯ ನಿಯಮ ಅಲ್ಲಿ ಯಾರಿಗೂ ಹೊಸದಲ್ಲ. ಜೇ ಅಂಗಡಿ ಗುರುತಿಸುವುದು ಸುಲಭ. ಹಳದಿ ಬಟ್ಟೆ ಅಥವಾ ಬೋರ್ಡಿನ ಮೇಲೆ ಕೆಂಪು ಅಕ್ಷರ, ನಮ್ಮ ಕಣ್ಣಿಗೆ ಇಂಗ್ಲಿಷಿನ 17 ಬರೆದ ಹಾಗೆ ಕಾಣುತ್ತದೆ. ಪ್ಯಾಕೆಟ್ ತಿಂಡಿಗಳ ಮೇಲೂ ಅದೇ ಗುರುತು ಇರುತ್ತದೆ. ಮಗನಿಗೆ 17 ಹುಡುಕುವ ಕೆಲಸ ಕೊಡಿ, ನಿಮಗಿಂತ ಮೊದಲು ಕಾಣುತ್ತಾನೆ.

ಹಸಿರು ಎಲೆಯ ಚಿತ್ರ ನೋಡಿ ಮಾತ್ರ ಒಳಗೆ ನುಗ್ಗಬೇಡಿ. ನಮ್ಮಲ್ಲಿ ಹಸಿರು ಅಂದರೆ ಸಸ್ಯಾಹಾರ. ಬ್ಯಾಂಕಾಕ್‌ನಲ್ಲಿ ಹಲವು ಬಾಗಿಲಿನ ಮೇಲಿನ ಆ ಎಲೆ ಗಾಂಜಾದ್ದು. 2022ರಲ್ಲಿ ನಿಷೇಧ ತೆಗೆದಾಗ ಬೀದಿಬೀದಿಗೆ ಅಂಗಡಿ ಬಂದವು. 2025ರಲ್ಲಿ ಮತ್ತೆ ನಿಯಮ ಬಿಗಿ ಮಾಡಿ, ಡಾಕ್ಟರ ಚೀಟಿ ಇದ್ದರಷ್ಟೇ ಮಾರಬೇಕು ಅಂದರು. ಬೋರ್ಡುಗಳು ಪೂರ್ತಿ ಹೋಗಿಲ್ಲ.

ಇನ್ನು ನೀವು ಹೊರಟಿರುವ ಸಮಯ. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಬ್ಯಾಂಕಾಕ್‌ನಲ್ಲಿ ಜೇ ಹಬ್ಬ. ಅದೂ ಅಮಾವಾಸ್ಯೆ ಮುಗಿದ ಕೂಡಲೇ ಶುರುವಾಗುತ್ತದೆ, ನಮ್ಮ ನವರಾತ್ರಿಯೂ ಹಾಗೇ. 2023ರಲ್ಲಿ, 2024ರಲ್ಲಿ ಎರಡೂ ಒಂದೇ ದಿನ ಶುರುವಾದವು. 2025ರಲ್ಲಿ ಅಧಿಕಮಾಸದ ಲೆಕ್ಕ ಬೇರೆಯಾಗಿ ಒಂದು ತಿಂಗಳ ಅಂತರ ಬಿತ್ತು. ಟಿಕೆಟ್ ಮಾಡಿಸುವ ಮೊದಲು ಈ ದಿನಾಂಕ ನೋಡಿಕೊಳ್ಳಿ. ಹಬ್ಬದ ಒಳಗೆ ನಿಮ್ಮ ಐದು ದಿನ ಬಿದ್ದರೆ ಅರ್ಧ ಚಿಂತೆ ಅಲ್ಲೇ ಹೋಯಿತು. ಮಾಮೂಲಿ ದಿನ ಹಂದಿ ಮಾಂಸ ಮಾರುವ ಗಾಡಿಯವರೂ ಆಗ ಹಳದಿ ಬಾವುಟ ಕಟ್ಟುತ್ತಾರೆ. ಚೈನಾಟೌನ್‌ನ ಯಾವರಾತ್ ರಸ್ತೆ, ಪಕ್ಕದ ವಾಟ್ ಮಂಗ್‌ಕಾನ್ ಗುಡಿಯ ಸುತ್ತ ಗಾಡಿಗಳದ್ದೇ ಜಾತ್ರೆ. ನವರಾತ್ರಿಯೂ ಕೂಡಿಬಂದರೆ ಸೀಲೋಮ್‌ನ ಮಾರಿಯಮ್ಮನ ಗುಡಿಗೂ ಹೋಗಿಬನ್ನಿ. ಹತ್ತೊಂಬತ್ತನೇ ಶತಮಾನದಲ್ಲಿ ತಮಿಳರು ಕಟ್ಟಿದ್ದು. ಈಗ ಸಾಲಿನಲ್ಲಿ ನಿಲ್ಲುವವರಲ್ಲಿ ಥಾಯ್ ಜನರೇ ಜಾಸ್ತಿ. ವಿಜಯದಶಮಿ ರಾತ್ರಿ ರಸ್ತೆ ಬಂದ್ ಮಾಡಿ ಉತ್ಸವ ಹೊರಡಿಸುತ್ತಾರೆ.

ಜೇ ಊಟದಲ್ಲಿ ಒಂದು ವಿಷಯ ಅತ್ತೆಗೆ ಇಲ್ಲಿಂದಲೇ ಹೇಳಿ ಕರೆದುಕೊಂಡು ಹೋಗಿ. ಸೋಯಾ, ಗೋಧಿಯ ಅಂಟಿನಿಂದ ಬಾತುಕೋಳಿ, ಮೀನು, ಸಿಗಡಿ ಅಂತ ಮಾಡಿಟ್ಟಿರುತ್ತಾರೆ. ಚರ್ಮದ ಗೆರೆ ಸಮೇತ. ತಟ್ಟೆಯಲ್ಲಿ ಅದನ್ನು ಕಂಡು ಎದ್ದುಹೋದ ಹಿರಿಯರನ್ನು ನೋಡಿದ್ದೇನೆ. ತೋಫು, ಅಣಬೆ, ಸೊಪ್ಪು, ಕುಂಬಳಕಾಯಿ ಇರುವುದನ್ನೇ ಬೆರಳು ತೋರಿಸಿ ಹಾಕಿಸಿಕೊಳ್ಳಿ. ಎಣ್ಣೆ ಸ್ವಲ್ಪ ಜಾಸ್ತಿ ಇರುತ್ತದೆ. ಹಾಲು, ಮೊಸರು ಸಿಗುವುದಿಲ್ಲ. ಮೊಸರನ್ನ ಇಲ್ಲದೆ ಊಟ ಮುಗಿಯದವರಾದರೆ ಅದಕ್ಕೆ ಬೇರೆ ವ್ಯವಸ್ಥೆ ಬೇಕು. ಸೂಪರ್ ಮಾರ್ಕೆಟ್‌ನಲ್ಲಿ ಮೊಸರು ಉಂಟು, ಆದರೆ ಕೆಲವದರಲ್ಲಿ ಸಕ್ಕರೆ, ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರುತ್ತವೆ. ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿ ಕೊಳ್ಳಿ.

ಮಾತು ಬರದಿದ್ದರೆ ಪರವಾಗಿಲ್ಲ. "ಕಿನ್ ಜೇ" ಅಂದರೆ ಸಾಕು, ನಾವು ಜೇ ತಿನ್ನುವವರು ಅಂತ. ಕೊನೆಗೆ ನೀವು, ಅತ್ತೆ "ಖಾ" ಸೇರಿಸಿ, ಗಂಡಸರು "ಖ್ರಪ್" ಸೇರಿಸಲಿ. ನಾಮ್ ಪ್ಲಾ ಬೇಡ ಅನ್ನಲು "ಮಾಯ್ ಸಾಯ್ ನಾಮ್ ಪ್ಲಾ". ಥಾಯ್ ಭಾಷೆಯಲ್ಲಿ ಸ್ವರ ಏರಿಳಿದರೆ ಅರ್ಥ ಬದಲಾಗುತ್ತದೆ, ಹಾಗಾಗಿ ಫೋನಿನಲ್ಲಿ ಥಾಯ್ ಅಕ್ಷರದಲ್ಲೇ ಬರೆಸಿಟ್ಟುಕೊಂಡು ತೋರಿಸುವುದು ಒಳ್ಳೆಯದು. ಆದರೆ ಒಂದು ಮಾತು. ಹೆಸರಾಂತ ಅಡುಗೆಯನ್ನು "ಅದು ಬೇಡ, ಇದು ಬೇಡ" ಅಂತ ಸೋಸಿ ಮಾಡಿಸಿಕೊಳ್ಳುವ ಹಟ ಬಿಡಿ. ಮಸಾಲೆ ಬೆಳಗ್ಗೆಯೇ ರುಬ್ಬಿ ಆಗಿರುತ್ತದೆ. ಅಡುಗೆಮನೆಯೇ ಜೇ ಇರುವ ಕಡೆ ಹೋದರೆ ಗ್ರೀನ್ ಕರಿಯೂ ಸಿಗುತ್ತದೆ, ಕೇಳುವ ಕೆಲಸವೂ ಇಲ್ಲ.

ಜೇ ಅಂಗಡಿ ಕಾಣದ ಕಡೆಯೂ ತಿನ್ನಲು ಬೇಕಾದಷ್ಟಿದೆ. ತೆಂಗಿನ ಹಾಲು, ಅಕ್ಕಿಹಿಟ್ಟು ಹಾಕಿ ಗುಳಿಯ ಹಂಚಿನಲ್ಲಿ ಬೇಯಿಸುವ ಖನೋಮ್ ಕ್ರೋಕ್ ನೋಡಿದರೆ ಅತ್ತೆಗೆ ಮನೆಯ ಪಡ್ಡು ನೆನಪಾಗುತ್ತದೆ, ರುಚಿ ಮಾತ್ರ ಸಿಹಿ. ಕೆಲವರು ಮೇಲೆ ಈರುಳ್ಳಿ ಸೊಪ್ಪು ಉದುರಿಸುತ್ತಾರೆ, ಜೋಳ ಹಾಕಿದ್ದನ್ನು ಕೇಳಿ. ಬಾಳೆಹಣ್ಣು, ಅಂಟಕ್ಕಿ ಸೇರಿಸಿ ಬಾಳೆಲೆಯಲ್ಲಿ ಬೇಯಿಸಿದ ಖಾವ್ ತೊಮ್ ಮತ್, ಕೆಂಡದ ಮೇಲೆ ಸುಟ್ಟ ಗೆಣಸು, ಬೆಳಗಿನ ಹೊತ್ತು ಬಿಸಿ ಸೋಯಾ ಹಾಲು. ಮಾವಿನಹಣ್ಣು, ಅಂಟಕ್ಕಿ, ತೆಂಗಿನಹಾಲಿನ ಖಾವ್ ನಿಯಾವ್ ಮಾಮುವಾಂಗ್ ವರ್ಷವಿಡೀ ಸಿಕ್ಕರೂ ಅದರ ಕಾಲ ಏಪ್ರಿಲ್, ಮೇ. ಅಕ್ಟೋಬರ್‌ನಲ್ಲಿ ಚಕ್ಕೋತ ಚೆನ್ನಾಗಿರುತ್ತದೆ. ಹಣ್ಣಿನ ಜೊತೆ ಕೊಡುವ ಉಪ್ಪು-ಖಾರದಲ್ಲಿ ಕೆಲವೊಮ್ಮೆ ಒಣಸಿಗಡಿ ಪುಡಿ ಇರುತ್ತದೆ, ಬೇಡ ಅನ್ನಿ. ರಸ್ತೆ ಬದಿಯ ಬನಾನಾ ರೊಟ್ಟಿಗೆ ಮೊಟ್ಟೆ ಒಡೆಯುತ್ತಾರೆ. "ಮಾಯ್ ಸಾಯ್ ಖಾಯ್" ಅಂದರೆ ಬಿಡುತ್ತಾರೆ, ಹಂಚು ಮಾತ್ರ ಅದೇ.

ಮೇಜಿನ ಮೇಲೆ ನಾಲ್ಕು ಬಟ್ಟಲು ಇಟ್ಟಿರುತ್ತಾರೆ. ಸಕ್ಕರೆ, ಒಣಮೆಣಸಿನ ಪುಡಿ, ಮೆಣಸಿನಕಾಯಿ ಹಾಕಿದ ವಿನೆಗರ್, ಮೆಣಸಿನಕಾಯಿ ತೇಲುವ ಕಂದು ರಸ. ಆ ಕಂದು ರಸ ಸಾಮಾನ್ಯವಾಗಿ ನಾಮ್ ಪ್ಲಾ, ಅತ್ತೆಯಿಂದ ದೂರ ಇಡಿ.

ಯಜಮಾನರಿಗೆ, ಮಗನಿಗೆ ಮಾತು ಚಿಕ್ಕದು. ಕಾಯ್ ಅಂದರೆ ಕೋಳಿ, ಮೂ ಅಂದರೆ ಹಂದಿ, ನುವಾ ಅಂದರೆ ದನ. ಈ ಮೂರು ಗೊತ್ತಿದ್ದರೆ ಆಮೇಲೆ ಮುಖ ಸಣ್ಣದಾಗುವುದಿಲ್ಲ. ಬೋಟ್ ನೂಡಲ್ಸ್‌ನ ಸಾರು ಕಪ್ಪಗಿರುವುದು ರಕ್ತ ಬೆರೆಸುವುದರಿಂದ, ಅದು ತಿಳಿದು ತಿನ್ನಲಿ. ಚಿಕನ್ ಅನ್ನ, ಅಂದರೆ ಖಾವ್ ಮನ್ ಕಾಯ್, ಹುಡುಗರಿಗೆ ಹಿಡಿಸುತ್ತದೆ. ಖಾರ ಇಲ್ಲ.

ಹೊಟ್ಟೆ ಕೆಡುವ ಭಯಕ್ಕೆ ಬರೋಣ. ಬೀದಿ ಊಟ ಅಪಾಯ, ಏಸಿ ಹೋಟೆಲ್ ಕ್ಷೇಮ ಅನ್ನುವ ಲೆಕ್ಕ ಸರಿಯಲ್ಲ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್ ಒಳಗೆ ಬೆಳೆಯುತ್ತವೆ. ನಿಮ್ಮ ಕಣ್ಣೆದುರೇ ಉರಿಯುವ ಬಾಣಲೆಯಿಂದ ತಟ್ಟೆಗೆ ಬಿದ್ದ ಅಡುಗೆಗೆ ಆ ಸಮಯವೇ ಸಿಗುವುದಿಲ್ಲ. ಹೋಟೆಲ್ ಬಫೆಯಲ್ಲಿ ಉಗುರುಬೆಚ್ಚಗೆ ಎರಡು ಗಂಟೆ ಕೂತ ಪಲ್ಯಕ್ಕೆ ಸಿಗುತ್ತದೆ. ನನ್ನ ಗುಂಪುಗಳಲ್ಲಿ ಮಲಗಿದವರಲ್ಲಿ ಬಹುತೇಕರು ಬಫೆ ತಿಂದವರು. ಇಲ್ಲವೇ ಒಂದೇ ಸಂಜೆ ತೆಂಗಿನಹಾಲು, ಖಾರ, ಐಸ್ ಚಹಾ, ಹಣ್ಣು ಎಲ್ಲ ಸೇರಿಸಿದವರು. ಎರಡನೆಯದು ಸೋಂಕಲ್ಲ, ಹೊಟ್ಟೆಗೆ ಅಭ್ಯಾಸವಿಲ್ಲದ್ದು ಅಷ್ಟೇ. ಒಂದು ದಿನದಲ್ಲಿ ಸರಿಹೋಗುತ್ತದೆ.

ಊರಿನವರು ಯಾವಾಗ ತಿನ್ನುತ್ತಾರೋ ಆಗ ತಿನ್ನಿ. ತಟ್ಟೆ ತುಂಬ ಅನ್ನ ಹಾಕಿ ಮೇಲೆ ಪಲ್ಯ ಸುರಿಯುವ ಖಾವ್ ಕೇಂಗ್ ಅಂಗಡಿಗಳು ಬೆಳಗ್ಗೆ ಬೇಯಿಸಿ ಟ್ರೇಗಳಲ್ಲಿ ಇಡುತ್ತವೆ. ಜೇ ಅಂಗಡಿಗಳೂ ಬಹುತೇಕ ಹೀಗೇ. ಹತ್ತೂವರೆ, ಹನ್ನೊಂದಕ್ಕೆ ಹೋದರೆ ಬಿಸಿ, ಆಯ್ಕೆಯೂ ಜಾಸ್ತಿ. ಮಧ್ಯಾಹ್ನ ಮೂರಕ್ಕೆ ಹೋಗಿ "ಬೀದಿ ಊಟ ಕೆಟ್ಟದು" ಅಂದರೆ ತಪ್ಪು ಗಡಿಯಾರದ್ದು. ಯಾವರಾತ್‌ನಲ್ಲಿ ಗಾಡಿಗಳು ಸಂಜೆ ಆರರ ನಂತರ ಸೇರುತ್ತವೆ, ಸೋಮವಾರ ಬಹಳಷ್ಟು ಇರುವುದಿಲ್ಲ. ನೀರು ಬಾಟಲಿಯದ್ದೇ ಇರಲಿ. ಐಸ್ ನಡುವೆ ತೂತಿರುವ ಕೊಳವೆಯಂಥದ್ದಾದರೆ ಕಾರ್ಖಾನೆಯದ್ದು, ಕುಡಿಯಬಹುದು. ದೊಡ್ಡ ಗಡ್ಡೆ ಒಡೆದು ಪುಡಿ ಮಾಡಿದ್ದು ಬೇಡ. ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ. ಅತ್ತೆ ಬಿಪಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಾದರೆ ಭೇದಿ ಶುರುವಾದಾಗ ಮಾತ್ರೆ ಏನು ಮಾಡಬೇಕು ಅಂತ ಹೊರಡುವ ಮೊದಲೇ ಅವರ ಡಾಕ್ಟರನ್ನು ಕೇಳಿ. ಜ್ವರ ಬಂದರೆ, ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಆ ಖರ್ಚಿಗೆ ಟ್ರಾವೆಲ್ ಇನ್ಶೂರೆನ್ಸ್ ಇರಲಿ.

ಮೋಸದ ವಿಚಾರ. ರಾಜರ ಹಳೆ ಅರಮನೆ, ಅಂದರೆ ಗ್ರ್ಯಾಂಡ್ ಪ್ಯಾಲೇಸ್ ಹತ್ತಿರ ಒಳ್ಳೆ ಬಟ್ಟೆ ಹಾಕಿದ ಒಬ್ಬರು ಬಂದು "ಇವತ್ತು ಹಬ್ಬ, ಮಧ್ಯಾಹ್ನದವರೆಗೆ ಬಾಗಿಲು ಮುಚ್ಚಿದೆ, ಅಷ್ಟರಲ್ಲಿ ಇನ್ನೊಂದು ಬುದ್ಧನ ಗುಡಿ ನೋಡಿ ಬನ್ನಿ" ಅನ್ನುತ್ತಾರೆ. ಟುಕ್‌ಟುಕ್‌ಗೆ ಇಪ್ಪತ್ತು, ನಲವತ್ತು ಬಾತ್ ಸಾಕು ಅನ್ನುತ್ತಾರೆ. ಆ ಗಾಡಿ ಹರಳಿನ ಅಂಗಡಿ, ಸೂಟು ಹೊಲಿಯುವ ಅಂಗಡಿ ಮುಂದೆ ನಿಲ್ಲುತ್ತದೆ. ನೀವು ಒಳಗೆ ಹೋದರೆ ಅವನಿಗೆ ಕಮಿಷನ್, ಪೆಟ್ರೋಲ್ ಕೂಪನ್. ಅರಮನೆ ವರ್ಷದ ಬಹುತೇಕ ದಿನ ಬೆಳಗ್ಗೆ 8:30ಕ್ಕೆ ತೆರೆಯುತ್ತದೆ. ಟಿಕೆಟ್ ಕೌಂಟರ್‌ವರೆಗೆ ನಡೆದು ಹೋಗಿ ನೋಡಿ, ರಸ್ತೆಯಲ್ಲಿ ಯಾರ ಮಾತೂ ಬೇಡ. ದೂರಕ್ಕೆ ಗ್ರಾಬ್ ಆ್ಯಪ್‌ನಲ್ಲಿ ಕಾರು ಕರೆದರೆ ಚೌಕಾಸಿಯ ಗೋಳಿಲ್ಲ.

ಓಡಾಟಕ್ಕೆ ಎಂಆರ್‌ಟಿ ಅನ್ನುವ ಮೆಟ್ರೋದ ನೀಲಿ ಲೈನ್ ಹಿಡಿಯಿರಿ. 2019ರಲ್ಲಿ ಅದು ಹಳೆ ಊರಿನೊಳಗೆ ಬಂದ ಮೇಲೆ ಅತ್ತೆಯಂಥವರಿಗೆ ಬಹಳ ಸುಲಭವಾಯಿತು, ಲಿಫ್ಟ್‌ಗಳಿವೆ. ವಾಟ್ ಮಂಗ್‌ಕಾನ್ ಸ್ಟೇಷನ್‌ನಲ್ಲಿ ಇಳಿದರೆ ಚೈನಾಟೌನ್. ಮುಂದಿನದು ಸಾಮ್ ಯೋತ್, ಪಾಹುರಾತ್‌ಗೆ. ಅಲ್ಲಿ ಭಾರತೀಯರ ಬಟ್ಟೆ ಅಂಗಡಿಗಳು, ಗುರುದ್ವಾರ, ಲಂಗರ್ ಊಟ. ಅದರ ಮುಂದಿನದು ಸನಾಮ್ ಚಾಯ್, ವಾಟ್ ಫೋ ಗುಡಿಯ ಪಕ್ಕದಲ್ಲೇ. ಒಂದೇ ಸಾಲಿನ ಈ ಮೂರು ಸ್ಟೇಷನ್‌ಗಳಲ್ಲಿ ನಿಮ್ಮ ಎರಡು ದಿನ ಕಳೆಯುತ್ತವೆ. ಹೋಟೆಲ್ ಕೂಡ ಇದೇ ಲೈನಿನ ಹತ್ತಿರ ಹಿಡಿಯಿರಿ.

ಅರಮನೆಗೆ ತಲೆಗೆ 500 ಬಾತ್. ಒಂದು ಬಾತ್‌ಗೆ ನಮ್ಮ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ. ದುಬಾರಿ, ಆದರೆ ಬಿಡಬೇಡಿ. ಭುಜ, ಮಂಡಿ ಮುಚ್ಚಿರಬೇಕು. ಅತ್ತೆಯ ಸೀರೆಗೆ ತೊಂದರೆ ಇಲ್ಲ, ಯಜಮಾನರ ಚಡ್ಡಿಗೆ ಇದೆ. ಒಳಗೆ ಪಚ್ಚೆ ಬುದ್ಧನ ಗುಡಿಯ ಸುತ್ತ ಗೋಡೆಯ ಮೇಲೆ 178 ಚಿತ್ರಗಳಲ್ಲಿ ಅವರ ರಾಮಾಯಣ ಇದೆ. ನೆರಳಿನಲ್ಲಿ ನಿಧಾನವಾಗಿ ನಡೆದು ನೋಡಬಹುದು. ಅಲ್ಲಿನ ಹನುಮಂತ ಬ್ರಹ್ಮಚಾರಿಯಲ್ಲ, ಮತ್ಸ್ಯಕನ್ಯೆಯನ್ನು ಒಲಿಸಿಕೊಳ್ಳುತ್ತಾನೆ. ಅತ್ತೆ ಇದನ್ನು ಒಪ್ಪುತ್ತಾರಾ ನೋಡಿ. ವಾಟ್ ಫೋದಲ್ಲಿ 46 ಮೀಟರ್ ಉದ್ದದ ಮಲಗಿದ ಬುದ್ಧ. ನದಿಯಾಚೆಯ ವಾಟ್ ಅರುಣ್‌ಗೆ ಅಲ್ಲಿಂದಲೇ ದೋಣಿ. ಮೇಲಕ್ಕೆ ಹತ್ತುವ ಮೆಟ್ಟಿಲು ಬಹಳ ಕಡಿದು, ಅತ್ತೆ ಕೆಳಗೇ ಕೂರಲಿ. ಕಿತ್ತಳೆ ಬಾವುಟದ ದೋಣಿಯಲ್ಲಿ ಊರಿನವರ ಜೊತೆ ನದಿಯಲ್ಲಿ ಹೋಗುವುದು ಅಗ್ಗ, ಚೆಂದ ಕೂಡ. ಆದರೆ ದೋಣಿ ಕಟ್ಟೆಗೆ ತಾಗಿ ಕೆಲವೇ ಕ್ಷಣ ನಿಲ್ಲುತ್ತದೆ, ಅಲ್ಲಾಡುತ್ತಿರುವಾಗಲೇ ಕಾಲಿಡಬೇಕು. ಮಂಡಿನೋವಿನವರಿಗೆ ಇದು ಕಷ್ಟ. ಇಬ್ಬರು ಕೈ ಹಿಡಿಯುವುದಾದರೆ ಮಾತ್ರ ಹತ್ತಿಸಿ, ಕಚೇರಿ ಸಮಯದಲ್ಲಿ ಬೇಡವೇ ಬೇಡ. ಅಕ್ಟೋಬರ್‌ನಲ್ಲಿ ಸಂಜೆ ಜೋರು ಮಳೆ ಸಾಮಾನ್ಯ, ಗುಡಿ ಎಲ್ಲ ಬೆಳಗ್ಗೆಯೇ ಮುಗಿಸಿ.

ಇನ್ನು ಪ್ಯಾಕೇಜ್. ಕಡಿಮೆ ಬೆಲೆಯ ಪ್ಯಾಕೇಜ್‌ನ ಲೆಕ್ಕ ಹೇಗೆ ಸರಿಹೋಗುತ್ತದೆ ಅಂದರೆ, ನಡುನಡುವೆ ಹರಳಿನ ಶೋರೂಮ್, ಜೇನಿನ ಅಂಗಡಿ ಅಂತ ನಿಲ್ಲಿಸುತ್ತಾರೆ. ಅರ್ಧ ದಿನ ಅಲ್ಲೇ ಹೋಗುತ್ತದೆ. ಇಂಡಿಯನ್ ಊಟ ಅಂದರೂ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು ಅಂತ ಅರ್ಥವಲ್ಲ. ಅತ್ತೆಗೆ ಅನ್ನ, ಮೊಸರು, ಹಪ್ಪಳವೇ ಉಳಿಯುತ್ತದೆ. ಅನುಕೂಲವೂ ಇದೆ, ಬಾಗಿಲಿಗೆ ಬಸ್ಸು, ಯೋಚನೆ ಇಲ್ಲ. ಎಲ್ಲವನ್ನೂ ನೀವೇ ಮಾಡಿಕೊಂಡರೆ ಪೂರ್ತಿ ಸ್ವಾತಂತ್ರ್ಯ, ಆದರೆ ಮಳೆಯಲ್ಲಿ, ಹಸಿದ ಹೊತ್ತಿನಲ್ಲಿ ಹಳದಿ ಬೋರ್ಡ್ ಕಾಣದಿದ್ದರೆ ಮನೆಯವರೆಲ್ಲ ನಿಮ್ಮ ಮುಖ ನೋಡುತ್ತಾರೆ. ಆ ಹೊರೆ ಸಣ್ಣದಲ್ಲ.

ನಿಮ್ಮ ಮನೆಗೆ ನಾನು ಹೇಳುವುದು ನಡುವಿನ ದಾರಿ. ವಿಮಾನ, ಹೋಟೆಲ್ ಮಾತ್ರ ಬುಕ್ ಮಾಡಿಸಿ. ಅರಮನೆಯ ದಿನಕ್ಕೆ ಲೈಸೆನ್ಸ್ ಇರುವ ಗೈಡ್ ಒಬ್ಬರನ್ನು ಅರ್ಧ ದಿನಕ್ಕೆ ಹಿಡಿಯಿರಿ. ಜೇ ಅಂಗಡಿಯಲ್ಲಿ ಊಟವನ್ನೂ ಅವರ ಜೊತೆ ಮಾಡಿಬಿಟ್ಟರೆ ಮರುದಿನಕ್ಕೆ ನಿಮಗೇ ಧೈರ್ಯ ಬರುತ್ತದೆ. ಮಧ್ಯಾಹ್ನ ಜೇ, ಸಂಜೆ ಅತ್ತೆಗೆ ಬೇಕೆನಿಸಿದರೆ ಇಂಡಿಯನ್ ಹೋಟೆಲ್. ನಾಲ್ವರೂ ಒಂದೇ ಮೇಜಿಗೆ ಕೂರಬೇಕು ಅಂದಾಗ ಮಾಲ್‌ನ ಫುಡ್ ಕೋರ್ಟ್‌ಗೆ ಹೋಗಿ. ಕಾರ್ಡಿಗೆ ದುಡ್ಡು ತುಂಬಿಸಿ ಬೇಕಾದ ಅಂಗಡಿಯಲ್ಲಿ ತೆಗೆದುಕೊಳ್ಳುವ ಪದ್ಧತಿ ಅಲ್ಲಿದೆ. ಹಲವು ಕಡೆ ಜೇ ಅಂಗಡಿ ಒಂದಿರುತ್ತದೆ, ಪಕ್ಕದಲ್ಲೇ ಯಜಮಾನರ ಚಿಕನ್. ಆಫೀಸಿನವರು ಸಾಲಾಗಿ ನಿಂತು ತಿನ್ನುವ ಜಾಗ ಅದು. ಅಲ್ಲಿ ತಿಂದರೆ ಊರಿನವರ ಊಟ ತಿಂದ ಹಾಗಾಗಲಿಲ್ಲ ಅಂತ ಅನ್ನಿಸಬೇಕಾಗಿಲ್ಲ.

ಕುಕ್ಕರ್ ಬೇಡ. ಬಹಳಷ್ಟು ಹೋಟೆಲ್ ರೂಮಿನಲ್ಲಿ ಅಡುಗೆ ಮಾಡಲು ಬಿಡುವುದಿಲ್ಲ, ಹೊಗೆಗೆ ಅಲಾರಂ ಕೂಗುತ್ತದೆ. ನೀರು ಕಾಯಿಸುವ ಕೆಟಲ್ ರೂಮಿನಲ್ಲೇ ಇರುತ್ತದೆ. ಗೊಜ್ಜವಲಕ್ಕಿ ಪುಡಿ, ಬಿಸಿನೀರಿಗೆ ಆಗುವ ಉಪ್ಪಿಟ್ಟಿನ ಪ್ಯಾಕೆಟ್, ಸ್ವಲ್ಪ ಚಟ್ನಿಪುಡಿ ಸಾಕು. ಬಿಳಿ ಅನ್ನ ಎಲ್ಲಿ ಬೇಕಾದರೂ ಸಿಗುತ್ತದೆ.

ಅಲ್ಲಿಗೆ ತಲುಪುವ ಮೊದಲಿನ ಮೂರು ದಿನದೊಳಗೆ ಥಾಯ್ಲೆಂಡ್‌ನ ಡಿಜಿಟಲ್ ಅರೈವಲ್ ಕಾರ್ಡ್ ನಾಲ್ವರಿಗೂ ಬೇರೆಬೇರೆ ತುಂಬಿ. 2025ರ ಮೇ 1ರಿಂದ ಅದು ಕಡ್ಡಾಯ. ಅಲ್ಲಿನ ಇಮಿಗ್ರೇಷನ್ ಇಲಾಖೆಯ ತಾಣದಲ್ಲಿ ಅದು ಉಚಿತ, ದುಡ್ಡು ಕೇಳುವ ತಾಣ ಕಂಡರೆ ಮುಚ್ಚಿಬಿಡಿ.